ಆರಡಿ ಇಲ್ಲದ ಗೋರಿ

“ಎಬ್ಬಿಸ್ಬ್ಯಾಡಿ ಸ್ವಾಮಿ. ಎಬ್ಬಿಸ್ದೋರೇ ಅವ್ರಿಗೆ ಜಾಗ ಕೊಡ್ಬೇಕಾಯ್ತದೆ” ಎಂದಳು ತೀರ್ಥಮ್ಮ.

ಆಕರ್ಷ್ ನಕ್ಕ. ಭೂಸ್ವಾಧೀನ ಅಧಿಕಾರಿಯಾಗಿ ಅವನು ಈ ಕಡೆಗೆ ಬಂದು ತಿಂಗಳೂ ಆಗಿರಲಿಲ್ಲ. ಅಜ್ಜಂಪುರದ ಹೊರಗೆ, ಬೈಪಾಸ್ ರಸ್ತೆಗಾಗಿ ಸ್ವಾಧೀನವಾದ ಅವಳ ಈರುಳ್ಳಿ ಹೊಲದ ಮೂಲೆಯಲ್ಲಿ ಒಂದು ಕಲ್ಲುಗುಡ್ಡೆ ಇತ್ತು. ಅದರಡಿ ತನ್ನ ಮಾವ ಇದ್ದಾರೆಂದು ಮುದುಕಿಯ ಹಟ. ಸತ್ತವರನ್ನು ಹೂಳದೆ ಸುಡುವ ಪದ್ಧತಿಯ ಮನೆತನದ ಆಕರ್ಷ್‌ಗೆ ಗೋರಿಯೆಂದರೆ ಮನುಷ್ಯ ಮಲಗುವಷ್ಟು ಉದ್ದ.

“ಆರಡಿ ಇಲ್ಲ. ಇದು ಗೋರಿ ಅಲ್ಲ. ಸಮ ಮಾಡು” ಎಂದು ಜೆಸಿಬಿ ಓಡಿಸುವ ಕೆಂಪರಾಜುವಿಗೆ ಹೇಳಿದ.

“ನಮ್ಮೋರು ಮಲಗಲ್ಲ ಸ್ವಾಮಿ. ಕೂತಿರ್ತಾರೆ” ಎಂದಳು ಮುದುಕಿ.

“ಕೂತಿರಲಿ, ನಿಂತಿರಲಿ. ಸಾರ್ವಜನಿಕರಿಗೆ ಬೇಕಾದ ಜಾಗ ಇದು. ಪರಿಹಾರ ನಿನ್ನ ಖಾತೆಗೆ ಬಂದಿದೆ. ಸತ್ತವರಿಗೆ ಬೇರೆ ಪುನರ್ವಸತಿ ಬೇಕೇನಮ್ಮಾ?”

“ಬೇಕು” ಎಂದಳು.

ಕಾನೂನಿನಲ್ಲಿ ಲೋಪವಿರಲಿಲ್ಲ. ಆಕ್ಷೇಪಣೆ ಕೇಳಿಯಾಗಿತ್ತು, ತಿರಸ್ಕರಿಸಿಯೂ ಆಗಿತ್ತು. ಜೆಸಿಬಿಯ ಹಲ್ಲು ಇಳಿಯಿತು. ಹಳೆಯ ವಿಭೂತಿಯ ವಾಸನೆ ಗಂಟಲಿಗೆ ಅಡರಿತು. ಗುಂಡಿಯ ಗೋಡೆಯಲ್ಲೊಂದು ಗೂಡು. ಅದರೊಳಗೆ ಚಕ್ಕಳಮಕ್ಕಳ ಹಾಕಿದ ಮೂಳೆಗಳು. ಕೆಂಪರಾಜು ಎಂಜಿನ್ ನಿಲ್ಲಿಸಿದ. ಆಕರ್ಷ್ ಕೈಬೀಸಿದ. ಮೂಳೆ, ಮಣ್ಣು ಎರಡೂ ಟಿಪ್ಪರಿಗೆ ಬಿದ್ದವು.

ತೀರ್ಥಮ್ಮ ಅಳಲಿಲ್ಲ. ಆಕರ್ಷ್‌ನ ಬೂಟಿನ ಗುರುತು ಮೂಡಿದ್ದ ಮಣ್ಣನ್ನು ಸೆರಗಿಗೆ ಬಳಿದುಕೊಂಡಳು. ಗುಂಡಿಗಿಳಿದು ಖಾಲಿ ಗೂಡಿನೊಳಗೆ ಸುರಿದಳು. ಮೇಲೊಂದು ವಿಭೂತಿ ಗಟ್ಟಿ ಇಟ್ಟಳು. ಅವಳ ತುಟಿ ಅಲುಗುತ್ತಿತ್ತು.

“ಅದಕ್ಕೂ ಪರಿಹಾರ ಬರ್ಕೊಳ್ಳಲಾ?” ಎಂದ ಆಕರ್ಷ್. ಯಾರೂ ನಗಲಿಲ್ಲ.

ಮುಸ್ಸಂಜೆಗೆ ಬೀರೂರಿನ ಮನೆ ತಲುಪಿದಾಗ ಕರೆಂಟ್ ಇರಲಿಲ್ಲ. ಬಾಗಿಲು ತೆರೆದಿತ್ತು. ಒಳಗೆ ಹಸಿಮಣ್ಣಿನ ವಾಸನೆ, ವಿಭೂತಿಯ ವಾಸನೆ. ನಡುಮನೆಯ ಕತ್ತಲಲ್ಲಿ ಯಾರೋ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಹೆಂಡತಿ ಹಂಸಾ ಅವರ ಮುಂದೆ ನೀರಿನ ಚೊಂಬು ಇಡುತ್ತಿದ್ದಳು.

“ಯಾರೇ ಅದು?”

“ಪಾಪ, ಜಾಗ ಹೋಯ್ತಂತೆ ಇವರದು. ಇನ್ಮೇಲೆ ಇಲ್ಲೇ ಇರ್ತಾರಂತೆ.” ಅವಳು ತಲೆಯೆತ್ತಿದಳು. ಕಣ್ಣಲ್ಲಿ ಗುರುತಿನ ಲವಲೇಶವೂ ಇರಲಿಲ್ಲ. “ನೀವ್ಯಾರು?”

ಚೊಂಬಿನತ್ತ ಚಾಚಿದ ಕೈಯಲ್ಲಿ ಮಾಂಸವಿರಲಿಲ್ಲ.

ಆಕರ್ಷ್ ಹಿಂದೆ ಸರಿದ. ಓಡಿದ. ಹೊಸಿಲು ದಾಟಿದ. ಕಾಲು ಅಂಗಳಕ್ಕೆ ಬೀಳಲಿಲ್ಲ. ಎರೆಮಣ್ಣಿಗೆ ಬಿತ್ತು. ಜಾರಿತು. ಬೆನ್ನಿಗೆ ಗೋಡೆ. ತಲೆಗೆ ಗೋಡೆ. ಏಳಲು ನೋಡಿದ. ಕಾಲುಗಳು ತಾವಾಗಿಯೇ ಮಡಿಚಿಕೊಂಡವು. ಎಡಗೈ ತೊಡೆಯ ಮೇಲೆ ಅಂಗೈ ಚಾಚಿ ಕೂತಿತು. ಮೇಲಿನಿಂದ ಮಣ್ಣು. ಆಮೇಲೆ ಕಲ್ಲು. ಒಂದರ ಮೇಲೊಂದು.

ಬೆಳಗಾಯಿತೋ ಏನೋ. ತಲೆಯ ಮೇಲೆ ಬೂಟಿನ ಸಪ್ಪಳ. ರಸ್ತೆ ಎಂಜಿನಿಯರ್ ಓಂಕಾರಮೂರ್ತಿಯ ದನಿ.

“ಏನ್ ಕೆಂಪರಾಜು, ನಿನ್ನೆ ಸಮ ಮಾಡ್ದೆ ಅಂದೆ? ಗುಡ್ಡೆ ಹಂಗೇ ಐತಲ್ಲೋ. ಗೋರಿ ಗೀರಿ ಅಲ್ಲ ತಾನೆ?”

ಕೆಂಪರಾಜುವಿನ ಉತ್ತರ ಕೇಳಿಸಿತು. “ಆರಡಿ ಇಲ್ಲ ಬಿಡಿ ಸಾರ್. ಆರಡಿ ಇಲ್ಲಾಂದ್ರೆ ಗೋರಿ ಅಲ್ವಂತೆ. ನಮ್ಮ ಸಾಹೇಬ್ರೇ ಹೇಳವ್ರೆ.”

ಆಕರ್ಷ್ ಕೂಗಲು ಬಾಯಿ ತೆರೆದ. ಬಾಯಿ ತುಂಬ ವಿಭೂತಿ.

ಮೇಲೆ ಎಂಜಿನ್ ಗುಡುಗಿತು.