ಸೇತುವೆ ಮೇಲಿನ ಎಣಿಕೆ ಪೆಟ್ಟಿಗೆ

"ರೀ! ಕೈ ತೆಗೀರಿ ಅದರ ಮೇಲಿಂದ!"

ಏಣಿ ಹತ್ತಿ ಸೇತುವೆಯ ಕಂಬದಿಂದ ಎಣಿಕೆ ಪೆಟ್ಟಿಗೆ ಬಿಚ್ಚುತ್ತಿದ್ದವನು ತಿರುಗಿ ನೋಡಿದ. ಕೆಳಗೆ ಅವಳು! ಮೂಗಿನ ತುದಿಯಲ್ಲೇ ಕೋಪ.

ಸುತ್ತಲಿನ ಊರುಗಳಲ್ಲೆಲ್ಲ ಎಷ್ಟು ಜನ ನಡೆಯುತ್ತಾರೆ, ಎಷ್ಟು ಜನ ಸೈಕಲ್ ತುಳಿಯುತ್ತಾರೆ ಎಂದು ಎಣಿಸುವ ಹೊಸ ಯೋಜನೆಗೆ ಅವಳೇ ಮುಖ್ಯಸ್ಥೆ. ಪೆಟ್ಟಿಗೆ ಕೂರಿಸುವ ಇಂಜಿನಿಯರ್ ಅವನು. ಮೊದಲ ಪೆಟ್ಟಿಗೆ ಇದೇ. ಅದರ ಲೆಕ್ಕ ನೋಡಿ ನಿನ್ನೆ ಆಫೀಸಿನ ಸಾಹೇಬರು ನಕ್ಕೇಬಿಟ್ಟಿದ್ದರು.

"ನಡೆಯೋರೇ ಇಲ್ವಲ್ಲಮ್ಮಾ! ಸೇತುವೆ ಮೇಲಿನ ಕಾಲುದಾರಿ ಒಡೆದು ಕಾರುಗಳಿಗೆ ಬಿಟ್ಕೊಡೋಣ. ನಿನ್ನ ಯೋಜನೆನೂ ಇಲ್ಲಿಗೇ ಸಾಕು. ನಾಳೆ ಮೀಟಿಂಗ್‌ನಲ್ಲಿ ತೀರ್ಮಾನ ಮಾಡ್ತೀನಿ."

ನಡೆಯುವವರೇ ಇಲ್ಲವಂತೆ! ಅವಳ ಅಮ್ಮ ದಿನಾ ಇದೇ ಕಾಲುದಾರಿಯಲ್ಲಿ ಹೊಲಿಗೆ ಕಾರ್ಖಾನೆಗೆ ಹೋಗುತ್ತಾಳೆ, ಗೆಳತಿಯರ ತೋಳಿಗೆ ತೋಳು ತಾಗಿಸಿಕೊಂಡು, ಹರಟೆ ಹೊಡೆಯುತ್ತಾ. ಅವರೆಲ್ಲ ಏನು, ಗಾಳಿಯಲ್ಲಿ ತೇಲಿಕೊಂಡು ಹೋಗುತ್ತಿದ್ದರಾ?

"ಮೀಟಿಂಗ್‌ಗೆ ಮುಂಚೆನೇ ಗಂಟುಮೂಟೆ ಕಟ್ತಿದ್ದೀರಾ? ಸಾಹೇಬ್ರು ಹೇಳಿದ್ರಾ?"

"ಸ್ವಲ್ಪ ನನ್ನ ಮಾತು ಕೇಳಿ..."

"ಏನೂ ಬೇಡ! ನಿಮ್ಮನ್ನ ನಂಬಿದ್ನಲ್ಲ, ನನಗೆ ಬುದ್ಧಿ ಇಲ್ಲ!"

ದಡದಡನೆ ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಅವನ ಕರೆ ಬರುತ್ತಲೇ ಇತ್ತು, ಇವಳು ಕಟ್ ಮಾಡುತ್ತಲೇ ಇದ್ದಳು. ಆಫೀಸಿನ ನಲ್ಲಿಯ ಕೆಳಗೆ ಎಷ್ಟು ಸಲ ಮುಖ ತೊಳೆದರೂ ಕಣ್ಣೀರು ನಿಲ್ಲಲೊಲ್ಲದು. 'ಹಾಳಾದವನು! ಬೇರೆ ಯಾರು ಕೈಕೊಟ್ಟಿದ್ರೂ ಇಷ್ಟು ನೋವಾಗ್ತಿರ್ಲಿಲ್ಲ...'

ಸಾವರಿಸಿಕೊಂಡು ಮೀಟಿಂಗ್ ರೂಮಿನ ಬಾಗಿಲು ತಳ್ಳಿದರೆ, ಅವನು ಆಗಲೇ ಸಾಹೇಬರ ಎದುರು ನಿಂತಿದ್ದ.

"ತಪ್ಪು ನಂದು ಸಾರ್. ಪೆಟ್ಟಿಗೆನ ಅಗಲವಾದ ಜಾಗದಲ್ಲಿ ಕೂರಿಸ್ಬಿಟ್ಟೆ. ಜನ ಪಕ್ಕಪಕ್ಕ ನಡೆದ್ರೆ ಅದಕ್ಕೆ ಆ ಕಡೆಯೋರು ಕಾಣಲ್ಲ, ಇಡೀ ಗುಂಪನ್ನ ಒಬ್ರೇ ಅಂತ ಎಣಿಸ್ಬಿಡುತ್ತೆ. ಈಗ ಅದನ್ನ ಬಿಚ್ಚಿ ಸೇತುವೆ ತುದಿಯ ಇಕ್ಕಟ್ಟಿನ ಗೇಟಿನ ಹತ್ರ ಹಾಕ್ತಿದ್ದೀನಿ. ಅಲ್ಲಿ ಸೈಕಲ್‌ನೋರೂ ಇಳಿದು ಒಬ್ಬೊಬ್ಬರೇ ದಾಟ್ಬೇಕು."

ಆ ಅಗಲವಾದ ಜಾಗ ಆರಿಸಿದ್ದು ಅವನಲ್ಲ, ಇವಳು! "ಇಲ್ಲಿ ಬೇಡ" ಎಂದು ಅವನು ಬಡಿದುಕೊಂಡರೂ, "ಎಲ್ಲರಿಗೂ ಎದ್ದು ಕಾಣ್ಬೇಕು, ಹಾಕಿ ಅಂದ್ರೆ ಹಾಕಿ" ಎಂದು ಹಟ ಹಿಡಿದವಳೂ ಇವಳೇ!

"ಇಷ್ಟು ಬೇಜವಾಬ್ದಾರಿನಾ?" ಸಾಹೇಬರು ಗುಡುಗಿದರು. "ಈ ಕೆಲಸದಿಂದ ನಿನ್ನನ್ನ ತೆಗೆದು ಹಾಕ್ತೀನಿ!"

ಅವನು ತಲೆ ತಗ್ಗಿಸಿದ. ಇವಳು ಸುಮ್ಮನಿದ್ದರೆ ಯೋಜನೆ ಉಳಿಯುತ್ತಿತ್ತು, ತನ್ನ ಕುರ್ಚಿಯೂ ಉಳಿಯುತ್ತಿತ್ತು.

"ತೆಗೀಬೇಕಾದ್ದು ನನ್ನನ್ನ ಸಾರ್! ಇವರು ಬೇಡ ಬೇಡ ಅಂದ್ರೂ ಅಲ್ಲೇ ಹಾಕಿಸಿದ್ದು ನಾನು!"

ಸಾಹೇಬರು ಕನ್ನಡಕ ಸರಿಸಿ ಇಬ್ಬರನ್ನೂ ನೋಡಿದರು.

"ಒಳ್ಳೆ ಜೋಡಿ ಸಿಕ್ಕಿದ್ರಪ್ಪಾ ನನಗೆ! ಇನ್ನೊಂದು ಸಲ ಎಣಿಸಿ ತನ್ನಿ. ಆಗ್ಲೂ ಜನ ಕಾಣ್ಲಿಲ್ಲ ಅಂದ್ರೆ ಇಬ್ರೂ ಮನೆಗೆ!"

ಹೊರಗೆ ವರಾಂಡಕ್ಕೆ ಬಂದರೂ ಅವಳ ಸಿಟ್ಟು ಇಳಿದಿರಲಿಲ್ಲ.

"ಯಾರ್ರೀ ಕೇಳಿದ್ರು ನಿಮ್ಮನ್ನ, ನನ್ನ ತಪ್ಪು ಹೊತ್ಕೊಳ್ಳಿ ಅಂತ? ದೊಡ್ಡ ತ್ಯಾಗಿ!"

"ನೀವು ಸೋತು ಮನೆಗೆ ಹೋಗೋದನ್ನ ನನ್ನ ಕೈಲಿ ನೋಡೋಕಾಗಲ್ಲ."

"ಯಾಕೆ?"

"ಯಾಕಂದ್ರೆ... ಪೆಟ್ಟಿಗೆ ನೋಡ್ಕೋಬೇಕು ಅಂತ ವಾರ ವಾರ ಬಸ್ ಹತ್ತಿ ಬರ್ತೀನಲ್ಲ, ಅದಕ್ಕೆ ಅಷ್ಟೊಂದು ಆರೈಕೆ ಬೇಕಾಗೇ ಇಲ್ಲ ಕಣ್ರೀ. ನಿಮ್ಮನ್ನ ನೋಡೋಕೆ ಬೇರೆ ನೆಪ ಸಿಗ್ಲಿಲ್ಲ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು.

"ಇಷ್ಟ ಅಂತ ನೇರವಾಗಿ ಹೇಳೋಕೆ ಏನಾಗಿತ್ತು ನಿಮಗೆ?"

"ಬೈತೀರಿ ಅಂತ ಭಯ."

"ಬೈತೀನಿ! ಜೀವನ ಪೂರ್ತಿ ಬೈತೀನಿ... ಆಗ್ಬಹುದಾ?"

ಅವನು ಮೆಲ್ಲಗೆ ಅವಳ ಕೈ ಹಿಡಿದುಕೊಂಡ.

"ವಾರಕ್ಕೊಂದ್ಸಲ ಬೈದ್ರೆ ಸಾಕಾಗಲ್ಲ," ಎಂದ. "ದಿನಾ ಬೈಬೇಕು."