ಓರೆಯಾಗಿ ಇಟ್ಟ ಚೌಕ

"ಯಾರು ಮಾಡಿದ್ದು ಇದನ್ನ?"

ನೆಲಕ್ಕೆ ಟೈಲ್ಸ್ ಹಾಕುವವನು ಊಟ ಮುಗಿಸಿ ಬಂದು ಶಾಲೆಯ ಕಾರಿಡಾರಿನ ನಡುವೆ ನಿಂತು ಕೇಳಿದ. ದನಿ ಜೋರಾಗಿರಲಿಲ್ಲ. ಜೋರಾಗಿದ್ದಿದ್ದರೇ ವಾಸಿಯಿತ್ತು.

ಒಂದನೇ ತರಗತಿಯ ಮೂವತ್ತು ಮಕ್ಕಳೂ ಕ್ಷಣವೂ ತಡಮಾಡದೆ ತಮ್ಮ ಟೀಚರ್ ಕಡೆ ಬೆರಳು ಮಾಡಿದರು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ ನೋಡಿ.

"ನಾನೇ," ಅಂದಳು ಟೀಚರ್, ಕೈಯಲ್ಲಿದ್ದ ಮರದ ಸ್ಕೇಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ನಮಗೆ ಆಕೃತಿಗಳ ಪಾಠ ನಡೀತಿದೆ. ಇಲ್ಲಿ ಟೈಲ್ಸ್ ಚೂರುಗಳು ಹರಡಿ ಬಿದ್ದಿದ್ವು. ಮಕ್ಕಳ ಕೈಲಿ ವಿಂಗಡಣೆ ಮಾಡಿಸಿದೆ. ನೋಡಿ, ತ್ರಿಭುಜ ಎಲ್ಲಾ ಇಲ್ಲಿ. ಚೌಕ ಅಲ್ಲಿ. ಆಯತ ಗೋಡೆ ಪಕ್ಕ. ಎಷ್ಟು ಅಚ್ಚುಕಟ್ಟಾಗಿದೆ."

"ಹರಡಿ ಬಿದ್ದಿರಲಿಲ್ಲ ಟೀಚರ್. ಜೋಡಿಸಿ ಇಟ್ಟಿದ್ದೆ."

"ಸಿಮೆಂಟೇ ಹಾಕಿರಲಿಲ್ಲವಲ್ಲ?"

"ಮೊದಲು ಒಣಗೇ ಇಟ್ಟು ನೋಡೋದು. ಯಾವುದರ ಪಕ್ಕ ಯಾವುದು ಕೂರುತ್ತೆ ಅಂತ ಗೊತ್ತಾದ ಮೇಲೇ ಸಿಮೆಂಟು." ಅವನು ಅಚ್ಚುಕಟ್ಟಾದ ಆ ಗುಡ್ಡೆಗಳನ್ನೇ ನೋಡಿದ. "ಮೂರು ದಿನ ಕೂತು ಇಟ್ಟಿದ್ದೆ. ಒಂದೊಂದೇ."

ಟೀಚರ್ ಮುಖ ಕೆಂಪಾಯಿತು. ಅಯ್ಯೋ... ಮೂರು ದಿನದ ಕೆಲಸವನ್ನು ಒಂದು ಪೀರಿಯಡ್ಡಿನಲ್ಲಿ ಗುಡ್ಡೆ ಹಾಕಿಬಿಟ್ಟೆನಲ್ಲ!

ಹೊಸ ಟೈಲ್ಸ್ ತರುವ ಶಕ್ತಿ ಆ ಶಾಲೆಗಿರಲಿಲ್ಲ. ಹತ್ತು ವರ್ಷಗಳಿಂದ ಕಂಡವರ ಮನೆಯ ನೆಲ ಮಾಡುತ್ತ ಅವನು ಕೂಡಿಟ್ಟಿದ್ದ ಉಳಿದ ತುಂಡುಗಳು ಇವು. ಒಂದರಂತೆ ಒಂದಿಲ್ಲ. ಅದಕ್ಕೇ ಅವಳ ಕಣ್ಣಿಗೆ ಅದು ಜೋಡಣೆ ಅನ್ನಿಸಲೇ ಇಲ್ಲ.

"ತಪ್ಪಾಯಿತು" ಅನ್ನಬೇಕಾದ ಜಾಗ ಅದು. ಆದರೆ ಆ ಮಾತು ಅವಳ ಬಾಯಿಗೆ ಬಂದ ದಾಖಲೆಯೇ ಇಲ್ಲ. ವಯಸ್ಸು ಮೂವತ್ತೊಂದು. ಕೊನೆಗೆ ನೋಡಲು ಬಂದ ಗಂಡಿನ ಅಪ್ಪ "ನಮ್ಮ ಹುಡುಗನಿಗೆ ಇಪ್ಪತ್ತೊಂಬತ್ತು" ಅಂದಾಗ, ಹುಟ್ಟಿದ ವರ್ಷ ಕೇಳಿ, ಬೆರಳು ಮಡಚಿ ಎಣಿಸಿ, "ಮೂವತ್ತೆರಡಾಗುತ್ತೆ" ಅಂದಿದ್ದಳು. ಲೆಕ್ಕ ಸರಿಯಾಗಿತ್ತು. ಸಂಬಂಧ ಬಾಗಿಲಿನಾಚೆ ಹೋಗಿತ್ತು. "ನಿನ್ನ ನಾಲಿಗೆಗೊಂದು ಮೂಗುದಾರ ಹಾಕ್ಕೋ ಮಗಳೇ, ಇಲ್ಲದಿದ್ರೆ ನಿನ್ನ ಜೊತೆ ಆ ಸ್ಕೇಲು ಒಂದೇ ಉಳಿಯೋದು," ಎಂದು ಅಮ್ಮ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

"ನಾವೇ ವಾಪಸ್ ಜೋಡಿಸಿಕೊಡ್ತೀವಿ," ಅಂದಳು.

ಅವನು ಮೊದಲ ಸಲ ಅವಳ ಮುಖ ನೋಡಿದ. ತುಟಿಯಂಚಿನಲ್ಲಿ ನಗು ಬಂದು ಹೋಯಿತು.

"ಸರಿ ಟೀಚರ್. ನಾಳೆಯಿಂದ ಬನ್ನಿ. ಕೆಲಸಕ್ಕೆ ಮೂವತ್ತೊಂದು ಜನ ಸಿಕ್ಕ ಹಾಗಾಯ್ತು."

* * *

ಆಮೇಲಿನ ನಾಲ್ಕು ಮಧ್ಯಾಹ್ನ ಆ ಕಾರಿಡಾರಿನಲ್ಲಿ ನಡೆದಂಥ ಪಾಠ ಅವಳ ಏಳು ವರ್ಷದ ನೌಕರಿಯಲ್ಲಿ ನಡೆದಿರಲಿಲ್ಲ.

ಎರಡು ತ್ರಿಭುಜ ಬೆನ್ನಿಗೆ ಬೆನ್ನು ಕೊಟ್ಟರೆ ಚೌಕವಾಗುತ್ತದೆ ಎಂದು ಮಕ್ಕಳೇ ಕಂಡುಹಿಡಿದರು. "ವೃತ್ತ ಮಾತ್ರ ಯಾರ ಪಕ್ಕದಲ್ಲೂ ಸರಿಯಾಗಿ ಕೂರಲ್ಲ. ಎಲ್ಲಿಟ್ಟರೂ ಸಂದು ಬಿಡುತ್ತೆ," ಅಂದ ಅವನು.

"ನಮ್ಮ ತಾತನ ಥರ," ಅಂದಿತು ಒಂದು ಮಗು.

ಮಕ್ಕಳು ಅವನನ್ನು "ಟೈಲ್ಸ್ ಮಾವ" ಅಂದರು. ಅವಳು "ಮೇಸ್ತ್ರಿ" ಅಂದಳು. ಶಾಲೆ ಬಿಟ್ಟ ಮೇಲೂ ಅವಳು ಒಂದು ಗಂಟೆ ಉಳಿಯುತ್ತಿದ್ದಳು. ಮಾಡಿದ ತಪ್ಪು ತಿದ್ದಲು, ಮತ್ತೇನಿಲ್ಲ! ಎರಡನೇ ದಿನ ಅವಳು ಕೂರುವ ಜಾಗದಲ್ಲಿ ಗೋಣಿಚೀಲವೊಂದು ಮಡಿಸಿ ಇಟ್ಟಿತ್ತು. ಯಾರಿಟ್ಟರು ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಹಿಂದೆಯೇ ಕೂರಿಸಿದ್ದ ಟೈಲ್ಸಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ಕೇಳುವುದನ್ನು ಅವನು ಹೇಳಿಕೊಟ್ಟ. "ಇದು ಗಟ್ಟಿ. ಇದು ಕೇಳಿ... ಟೊಳ್ಳು. ಮೇಲೆ ನೋಡಿದ್ರೆ ಎರಡೂ ಒಂದೇ. ತಟ್ಟಿ ನೋಡಿದ್ರೇನೇ ಗೊತ್ತಾಗೋದು."

ಅವಳೂ ತಟ್ಟಿದಳು. ಅವನ ಸಿಮೆಂಟು ಹತ್ತಿದ ಬೆರಳ ಪಕ್ಕದಲ್ಲಿ ಅವಳ ಚಾಕ್ ಹತ್ತಿದ ಬೆರಳು. ಎದೆ ಏಕೋ ಅವಸರದಲ್ಲಿ ಹೊಡೆದುಕೊಂಡಿತು. 'ಇದೇನೇ ನಿನಗೆ... ಈ ವಯಸ್ಸಿನಲ್ಲಿ,' ಎಂದು ತನ್ನನ್ನೇ ಗದರಿಕೊಂಡಳು.

ಶಾಲೆಯ ಆಯಮ್ಮನಿಗೆ ಕಣ್ಣು ನಾಲ್ಕು. ಕಸ ಗುಡಿಸುತ್ತಾ ಗೋಡೆಗೆ ಹೇಳುವಂತೆ ಹೇಳಿದಳು: "ಇಬ್ಬರು ತಂಗೀರ ಮದುವೆ ಮಾಡಿ ಮುಗಿಸೋ ಗಡಿಬಿಡೀಲಿ ತನ್ನ ಮದುವೇನೇ ಮರೆತುಬಿಟ್ಟಿದಾನೆ, ಪಾಪ."

ನಾಲ್ಕನೆಯ ದಿನ ಅವನು ಚೀಲದ ತಳದಿಂದ ಬಟ್ಟೆ ಸುತ್ತಿದ ಒಂದು ಟೈಲು ತೆಗೆದ. ಅಂಗೈ ಅಗಲದ ಚೌಕ, ಕಡು ನೀಲಿ.

"ಈ ನೀಲಿ ಒಂದೇ ಒಂದು ಇರೋದು ಟೀಚರ್. ಹತ್ತು ವರ್ಷದಿಂದ ಎಲ್ಲೂ ಹಾಕೋಕೆ ಮನಸ್ಸು ಬಂದಿರಲಿಲ್ಲ. ನಿಮ್ಮ ತರಗತಿ ಬಾಗಿಲಿಗೆ ಇಡ್ತೀನಿ."

ಇಟ್ಟ. ಸಿಮೆಂಟಿಲ್ಲದೆ, ಒಣಗೇ; ನೇರವಾಗಿ ಅಲ್ಲ, ಓರೆಯಾಗಿ, ಒಂದು ಮೂಲೆ ಬಾಗಿಲ ಕಡೆ ನೋಡುವಂತೆ. ಮನೆ ಸೇರುವವರೆಗೂ ಅವಳ ಕಣ್ಣಲ್ಲಿ ಆ ನೀಲಿಯೇ ಇತ್ತು. "ಏನೇ, ಒಬ್ಬಳೇ ನಗ್ತಿದೀಯ?" ಎಂದು ಅಮ್ಮ ಕೇಳಿದರೆ "ಏನಿಲ್ಲಮ್ಮ" ಅಂದಳು.

* * *

ಆದದ್ದು ಮರುದಿನವೇ.

ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಮುಂದಿನ ನಾಲ್ಕು ಹಲ್ಲು ಉದುರಿ ಎಲ್ಲರ ಬಾಯಲ್ಲಿ "ಬೊಚ್ಚಿ" ಆಗಿದ್ದವಳು. ಟೀಚರ್ ರಟ್ಟಿನ ಕಾರ್ಡೊಂದನ್ನು ಮೂಲೆಯ ಮೇಲೆ ನಿಲ್ಲಿಸಿ ಹಿಡಿದು "ಇದೇನು?" ಎಂದು ಕೇಳಿದಳು.

"ಚೌಕ," ಅಂದಳು ಬೊಚ್ಚಿ.

"ಅಲ್ಲ. ಚೌಕ ನೆಟ್ಟಗೆ ಕೂತಿರುತ್ತೆ. ಇದು ಡೈಮಂಡ್." ಬೊಚ್ಚಿಯ ಪುಸ್ತಕದಲ್ಲೂ ಅದೇ ಉತ್ತರ ಕಂಡು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಳು. ಮಗುವಿನ ಕಣ್ಣು ತುಂಬಿತು.

ತೆರೆದ ಬಾಗಿಲಲ್ಲಿ ಸಿಮೆಂಟು ಬಳಿಯುವ ಕರಣೆ ಹಿಡಿದು ಕೂತಿದ್ದವನು ತಲೆ ಎತ್ತಿದ. "ಚೌಕಾನೇ ಟೀಚರ್. ಓರೆಯಾಗಿ ಹಿಡಿದಿದೀರಿ, ಅಷ್ಟೇ. ತಿರುಗಿಸಿದ ಮಾತ್ರಕ್ಕೆ ಅದು ಬೇರೆ ಆಗುತ್ತಾ?"

ಉಳಿದ ಮಕ್ಕಳೆಲ್ಲ ಘೊಳ್ಳೆಂದು ನಕ್ಕರು.

ನಗು ಕಿವಿಗೆ ಬಿದ್ದದ್ದೇ ಅವಳ ನಾಲಿಗೆ ಮೂಗುದಾರ ಹರಿದುಕೊಂಡಿತು. "ನೆಲ ನಿಮ್ಮದು, ತರಗತಿ ನನ್ನದು. ಟೈಲ್ಸ್ ಹಾಕೋರಿಂದ ಪಾಠ ಹೇಳಿಸಿಕೊಳ್ಳೋ ಗತಿ ಇನ್ನೂ ನನಗೆ ಬಂದಿಲ್ಲ."

ಅವನ ಕೈ ನಿಂತಿತು. ಆ ಮುಖದಲ್ಲಿ ಸಿಟ್ಟು ಬಂದಿದ್ದರೆ ಅವಳು ಜಗಳವಾಡಿ ಗೆಲ್ಲುತ್ತಿದ್ದಳು. ಬಂದದ್ದು ಸಿಟ್ಟಲ್ಲ.

"ತಪ್ಪಾಯ್ತು ಟೀಚರ್," ಅಂದ ಮೆಲ್ಲಗೆ. ಅವಳು ಜನ್ಮದಲ್ಲಿ ಆಡದ ಮಾತನ್ನು, ತಪ್ಪೇ ಇಲ್ಲದವನು ಎಷ್ಟು ಸಲೀಸಾಗಿ ಆಡಿಬಿಟ್ಟ.

ಎರಡು ದಿನ ಅವನು ತಲೆ ಎತ್ತಲಿಲ್ಲ. ಗೋಣಿಚೀಲ ಮಡಿಸಿ ಇಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಕಾರಿಡಾರಿನ ನೆಲ ತೊಳೆದು ಹೊಳೆಯುತ್ತಿತ್ತು. ಅವನಿರಲಿಲ್ಲ. ಅವಳ ತರಗತಿಯ ಬಾಗಿಲಲ್ಲಿ ಮಾತ್ರ ಅಂಗೈ ಅಗಲದ ಒಂದು ಗುಂಡಿ ಇತ್ತು.

ಇಡೀ ನೆಲದಲ್ಲಿ ಅದೊಂದೇ. ನೀಲಿ ಇಟ್ಟಿದ್ದ ಜಾಗ.

'ಕೊಟ್ಟ ಹಾಗೆ ಮಾಡಿ ಕಿತ್ತುಕೊಂಡು ಹೋದನಲ್ಲ...' ಒಂದು ಮಾತಿಗೆ ಇಷ್ಟು ಹಗೆಯೇ?

ಆಯಮ್ಮನಿಂದ ನಂಬರು ಪಡೆದು ಫೋನ್ ಮಾಡಿದಳು.

"ಒಂದು ಮಾತಿಗೆ ಒಂದು ಗುಂಡಿನಾ ಮೇಸ್ತ್ರಿ? ಅದೂ ನನ್ನ ಬಾಗಿಲಿಗೇ?"

"ಆ ಟೈಲು ಬರುತ್ತೆ ಟೀಚರ್. ನಾಲ್ಕು ದಿನ ತಡೀರಿ. ದಯವಿಟ್ಟು ಯಾರನ್ನೂ ಏನೂ ಕೇಳಬೇಡಿ."

"ಯಾಕೆ?"

"ಕೇಳಬೇಡಿ ಅಷ್ಟೇ. ಬಂದ ದಿನ ಆಯಮ್ಮನ ಕೈಲಿ ಹೇಳಿ ಕಳಿಸಿ, ಕೂರಿಸಿ ಹೋಗ್ತೀನಿ. ಶನಿವಾರದ ಒಳಗಾದ್ರೆ ಒಳ್ಳೇದು. ಆಮೇಲೆ ನಾನು ಇರಲ್ಲ. ಬೇರೆ ಊರಲ್ಲಿ ದೊಡ್ಡ ಆಸ್ಪತ್ರೆ ಕಟ್ತಿದಾರೆ, ಒಂದು ವರ್ಷದ ಕೆಲಸ."

ಒಂದು ವರ್ಷ! ಫೋನ್ ಇಟ್ಟ ಮೇಲೆ ಅವಳಿಗೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಳು ಮಾತ್ರ ಉಳಿದಿತ್ತು.

* * *

ಶನಿವಾರ ಪ್ರಾರ್ಥನೆಗೆ ಮುಂಚೆ ಬೊಚ್ಚಿ ಬಂದು ಟೀಚರ್ ಮೇಜಿನ ಪಕ್ಕ ನಿಂತಳು. ಚೀಲದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದಳು.

ನೀಲಿ ಟೈಲು.

"ಇದು... ನಿನ್ನ ಹತ್ತಿರ ಹೇಗೆ ಬಂತು?"

"ನಾನೇ ತಗೊಂಡೆ." ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯೊಂದಿಗೆ ಬಂತು. "ನೀವು ತಪ್ಪು ಹಾಕಿದ್ರಲ್ಲ, ಅವತ್ತು. ಮನೆಲಿ ತಿರುಗಿಸಿ ನೋಡೋಣ ಅಂತ. ಹಾಸಿಗೆ ಮೇಲೆ ತಿರುಗಿಸಿದೆ. ಅಡುಗೆಮನೆಲಿ ತಿರುಗಿಸಿದೆ. ಟೀಚರ್, ಅದು ಎಲ್ಲಿ ತಿರುಗಿಸಿದ್ರೂ ಚೌಕಾನೇ."

ಅವಳು ಟೈಲನ್ನು ಕೈಗೆತ್ತಿಕೊಂಡಳು. "ಟೈಲ್ಸ್ ಮಾವನಿಗೆ ಗೊತ್ತಿತ್ತಾ?"

"ತಗೊಳ್ಳುವಾಗ ನೋಡಿಬಿಟ್ರು. ನೀವು ಬೈತೀರ ಅಂತ ನಾನು ಅತ್ತೆ. ಅದಕ್ಕೆ ಅವರು, ನೋಡಿ ಮುಗಿಸಿ ನೀನೇ ತಂದುಕೊಡು, ಅಲ್ಲೀವರೆಗೂ ನಾನು ಯಾರಿಗೂ ಹೇಳಲ್ಲ ಅಂದ್ರು."

ಹಾಗಾದರೆ... ಇವಳ ಬೈಗುಳದಿಂದ ಒಂದು ಮಗುವನ್ನು ಕಾಯಲು ಅವನು ತನ್ನ ಕೆಲಸದಲ್ಲಿ ಗುಂಡಿ ಬಿಟ್ಟಿದ್ದ. ಕೆಟ್ಟ ಹೆಸರು ಹೊತ್ತಿದ್ದ. ಇವಳು ಫೋನಿನಲ್ಲಿ ಹಂಗಿಸಿದರೂ ಬಾಯಿ ಬಿಡಲಿಲ್ಲ. ತಟ್ಟಿ ನೋಡುವ ಮೊದಲೇ ಅವಳು ಅವನನ್ನು ಟೊಳ್ಳು ಅಂದುಬಿಟ್ಟಿದ್ದಳು.

ಅವಳು ಮಗುವಿನ ತಲೆ ಸವರಿದಳು. ಬಾಗಿಲಿಗೆ ಹೋಗಿ ಆಯಮ್ಮನನ್ನು ಕರೆದು, "ಮೇಸ್ತ್ರಿಗೆ ಫೋನ್ ಮಾಡಿ. ಟೈಲು ಬಂತು ಅನ್ನಿ. ಈಗಲೇ ಬರಬೇಕಂತೆ ಅನ್ನಿ," ಅಂದಳು.

"ಯಾರಂದ್ರು ಅಂತ ಹೇಳ್ಲಿ?"

"ನಾನು ಅಂತಲೇ ಹೇಳಿ."

ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಬಂದು ಕೂತರು. ಟೀಚರ್ ಸ್ಕೇಲನ್ನು ಮೇಜಿನ ಮೇಲಿಟ್ಟಳು. ಬೊಚ್ಚಿಯ ಪುಸ್ತಕ ತೆರೆದು, ಕೆಂಪು ಅಡ್ಡಗೆರೆಯ ಪಕ್ಕದಲ್ಲಿ ದೊಡ್ಡದಾಗಿ ಸರಿ ಹಾಕಿದಳು.

"ಮಕ್ಕಳೇ, ಅವತ್ತು ನಾನು ಡೈಮಂಡ್ ಅಂದೆನಲ್ಲ, ಅದು ಚೌಕ. ಓರೆಯಾಗಿ ಇಟ್ಟರೂ ಚೌಕಾನೇ. ಟೈಲ್ಸ್ ಮಾವ ಹೇಳಿದ್ದು ಸರಿ. ನಾನು ಹೇಳಿದ್ದು..." ಬೊಚ್ಚಿಯ ಕಡೆ ನೋಡಿದಳು. "ತಪ್ಪು. ನನ್ನಿಂದ ತಪ್ಪಾಯ್ತು."

ಆಕಾಶ ಕಳಚಿ ಬೀಳಲಿಲ್ಲ.

"ಟೀಚರ್‌ಗೂ ತಪ್ಪಾಗುತ್ತಾ?" ಹಿಂದಿನ ಸಾಲಿನಿಂದ ಒಂದು ದನಿ.

"ಆಗುತ್ತೆ. ದೊಡ್ಡ ದೊಡ್ಡದೇ ಆಗುತ್ತೆ."

"ಹಾಗಾದ್ರೆ ಹತ್ತು ಸಲ ಬರೀಬೇಕು," ಅಂದಳು ಬೊಚ್ಚಿ ಗಂಭೀರವಾಗಿ. ತಪ್ಪು ಮಾಡಿದವರು ಹತ್ತು ಸಲ ಬರೆಯಬೇಕೆಂಬುದು ಟೀಚರ್ ತಾನೇ ಮಾಡಿದ ನಿಯಮ.

ಮರುಮಾತಾಡದೆ ಅವಳು ಚಾಕ್ ತೆಗೆದುಕೊಂಡಳು. ಹಲಗೆಯ ತುಂಬ ಹತ್ತು ಚೌಕ ಬರೆದಳು. ಒಂದು ಬಲಕ್ಕೆ ವಾಲಿತ್ತು, ಒಂದು ಎಡಕ್ಕೆ, ಒಂದು ಮೂಲೆಯ ಮೇಲೆ ನಿಂತಿತ್ತು. ಒಂದೂ ನೆಟ್ಟಗೆ ಕೂತಿರಲಿಲ್ಲ. ಪ್ರತಿಯೊಂದರ ಕೆಳಗೂ "ಚೌಕ" ಎಂದು ಬರೆದಳು. ಮಕ್ಕಳು ಜೋರಾಗಿ ಎಣಿಸಿದರು.

"...ಹತ್ತು!"

ತಿರುಗಿದಳು. ಬಾಗಿಲ ಗುಂಡಿಯ ಆಚೆ ಅವನು ನಿಂತಿದ್ದ. ಹೆಗಲಲ್ಲಿ ಸಾಮಾನಿನ ಚೀಲ, ಕಣ್ಣು ಹಲಗೆಯ ಮೇಲೆ. ಎಷ್ಟನೆಯ ಚೌಕದಿಂದ ನಿಂತಿದ್ದನೋ.

ಅವಳೇ ಹತ್ತಿರ ಹೋದಳು. ಮೊಣಕಾಲೂರಿ ಕೂತು ಎರಡೂ ಕೈಯಿಂದ ಟೈಲು ಚಾಚಿದಳು. ಅವನೂ ಎದುರು ಕೂತ.

"ಪಾಠಕ್ಕೆ ಅಲ್ಲಿ ತಪ್ಪೊಪ್ಪಿಕೊಂಡೆ," ಅಂದಳು ಮೆಲ್ಲಗೆ. "ನಿಮಗೆ ಆಡಿದ ಮಾತಿಗೆ ಇಲ್ಲಿ. ತಪ್ಪಾಯ್ತು ಮೇಸ್ತ್ರಿ. ಬಾಯಿ ತಪ್ಪಿ ಬಂತು ಅಂತ ಸುಳ್ಳು ಹೇಳಲ್ಲ. ಸೊಕ್ಕಿನಿಂದಲೇ ಬಂತು."

ಅವನು ಟೈಲನ್ನು ಗುಂಡಿಯಲ್ಲಿಟ್ಟ. ಓರೆಯಾಗಿಯೇ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು.

"ಸಿಮೆಂಟು?" ಅಂದಳು.

"ಮೊದಲು ಒಣಗೇ ಇಟ್ಟು ನೋಡೋದು ಟೀಚರ್."

"ಎಷ್ಟು ದಿನ ಅಂತ ಹಾಗೇ ನೋಡ್ತೀರಿ?"

ಅವನು ತಲೆ ಎತ್ತಿದ. ಕಿವಿಯವರೆಗೂ ಕೆಂಪಾಗಿದ್ದ. "ನೋಡಿ ಆಗಿದೆ. ನೀವು ಮಕ್ಕಳ ಜೊತೆ ನೆಲದ ಮೇಲೆ ಕೂತ ಮೊದಲನೇ ದಿನವೇ ಆಗಿದೆ. ನೀವು ಇಷ್ಟ ಟೀಚರ್. ನಿಮ್ಮ ಸ್ಕೇಲು ಸಮೇತ. ಆದ್ರೆ ನಾನು ಟೈಲ್ಸ್ ಹಾಕೋನು, ಈಗ ಒಂದು ವರ್ಷ ಊರಲ್ಲೂ ಇರಲ್ಲ. ಏನಂತ ಕೇಳಲಿ?"

ಅವಳ ಕಣ್ಣಿಂದ ಒಂದು ಹನಿ ನೀಲಿಯ ಮೇಲೆ ಬಿತ್ತು. ಅದನ್ನು ಸೆರಗಿನಿಂದ ಒರೆಸಿದಳು.

"ನಾನು ಒಂದನೇ ಕ್ಲಾಸಿನ ಟೀಚರ್. ಒಂದಕ್ಷರ ನೆಟ್ಟಗೆ ಬರೆಸೋಕೆ ತಿಂಗಳುಗಟ್ಟಲೆ ಕಾಯ್ತೀನಿ. ನಿಮಗೋಸ್ಕರ ಒಂದು ವರ್ಷ ಕಾಯೋಕೆ ನನಗೆ ಆಗಲ್ವಾ?"

"ಭಾನುವಾರ ಭಾನುವಾರ ಬರ್ತೀನಿ."

"ಬನ್ನಿ. ಅಮ್ಮನಿಗೆ ಹೇಳಿರ್ತೀನಿ. ನಿಮ್ಮ ವಯಸ್ಸು ಮಾತ್ರ ಸರಿಯಾಗಿ ಹೇಳಿಬಿಡಿ, ನಾನು ಎಣಿಸ್ತೀನಿ."

ಅವನು ಜೋರಾಗಿ ನಕ್ಕ. ಅವಳ ಹಿಂದೆ ಮೂವತ್ತು ತಲೆಗಳು ಇಣುಕುತ್ತಿದ್ದವು. ಕಸಪೊರಕೆ ಹಿಡಿದ ಆಯಮ್ಮ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಟೀಚರ್, ಅದನ್ನ ಈಗ ಅಂಟಿಸ್ತಾರಾ?" ಬೊಚ್ಚಿ ಕೇಳಿದಳು.

ಅವನು ಟೀಚರ್ ಮುಖ ನೋಡಿದ. "ಹೇಳಿ, ಅಂಟಿಸಲಾ? ಆಮೇಲೆ ಕೀಳೋಕೆ ಬರಲ್ಲ."

"ಸಿಮೆಂಟು ಕಲಸಿ," ಅಂದಳು ಅವಳು.

"ಒಂದು ದಿನ ಯಾರೂ ತುಳೀಬಾರದು."

"ತುಳಿಯಲ್ಲ. ನಾನೇ ಕಾಯ್ತೀನಿ."