ಸೇಡಿಗೆ ಕೂರಿಸಿದ ಎಂಜಿನ್

"ಮುಟ್ಟಬೇಡಿ!"

ಸುಗುಣಳ ಕೂಗಿಗೆ ಹುಣಸೆಮರದ ಕಾಗೆಗಳೆಲ್ಲ ಹಾರಿಹೋದವು. ಆ ಎರಡು ಕೈಗಳು ಮಾತ್ರ ಕದಲಲಿಲ್ಲ.

ಕದಲುವ ಹಾಗೂ ಇರಲಿಲ್ಲ ಅನ್ನಿ. ಕೊಂಬೆಗೆ ಕಟ್ಟಿದ್ದ ಚೈನ್ ಪುಲ್ಲಿಯಿಂದ ಎರಡು ಕ್ವಿಂಟಾಲ್ ತೂಕದ ಎಂಜಿನ್ ನೇತಾಡುತ್ತಿತ್ತು. ಅದರ ಕೆಳಗೆ ಬಾನೆಟ್ ಕಳಚಿದ ಪುಟ್ಟ ಕೆಂಪು ಕಾರು. ಸುಗುಣಳ ಆತುರಕ್ಕೆ ಚೈನ್ ಜಾರಿ ಎಂಜಿನ್ ಕಾರಿನ ಮಡ್‌ಗಾರ್ಡಿನ ಕಡೆ ಹೊರಳಿತ್ತು. ಅಷ್ಟರಲ್ಲಿ ಯಾರೋ ಓಡಿಬಂದು ಅದನ್ನು ತಬ್ಬಿ ಹಿಡಿದಿದ್ದರು.

ಯಾರೆಂದು ನೋಡಲು ಅವಳು ತಲೆಯೆತ್ತಬೇಕಾಗಿರಲಿಲ್ಲ. ಎಡಗೈ ಹೆಬ್ಬೆರಳ ಮೇಲಿನ ಸುಟ್ಟಗಾಯದ ಕಲೆಯೇ ಹೇಳುತ್ತಿತ್ತು. ಒಂದು ಕಾಲದಲ್ಲಿ ಆ ಗಾಯಕ್ಕೆ ಎಣ್ಣೆ ಹಚ್ಚಿದವಳು ಅವಳೇ!

ಚನ್ನಕೇಶವ...

"ಬಿಟ್ರೆ ಮಡ್‌ಗಾರ್ಡ್ ನೆಗ್ಗುತ್ತೆ ಸುಗುಣಾ. ಚೈನ್ ಇಳಿಸು, ಆಮೇಲೆ ಬಯ್ಯಿ."

"ಬಯ್ಯೋದಲ್ಲ, ಕೈ ಕತ್ತರಿಸ್ತೀನಿ!"

"ಸರಿ. ಮೊದಲು ಇಳಿಸು."

ಅವಳು ಹಲ್ಲು ಕಚ್ಚಿಕೊಂಡು ಚೈನ್ ಇಳಿಸಿದಳು. ಎಂಜಿನ್ ಕಾರಿನ ಚಾಸಿಯ ಮೇಲೆ ಕುಳಿತಿತು. ಕುಳಿತಿತು ಎನ್ನುವುದಕ್ಕಿಂತ ಹೆಂಡತಿಯ ತವರಿಗೆ ಮೊದಲ ಸಲ ಬಂದ ಅಳಿಯನಂತೆ ಅರ್ಧಂಬರ್ಧ ಒರಗಿತು.

ಚನ್ನಕೇಶವ ಬಗ್ಗಿ ನೋಡಿದ. "ಮೌಂಟಿಂಗ್ ಕೂರಲ್ಲ. ಎರಡಿಂಚು ಹಿಂದಕ್ಕೆ ಹೋಗ್ಬೇಕು. ಹೊಸ ಪ್ಲೇಟ್ ಮಾಡಿಸ್ಬೇಕು, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸ್ಬೇಕು."

"ನಿಮ್ಮನ್ನ ಯಾರೂ ಕೇಳಲಿಲ್ಲ."

ಆ 'ನಿಮ್ಮನ್ನ' ಅನ್ನುವ ಮಾತು ಅವನಿಗೆ ಬಾರುಕೋಲಿನ ಏಟಿನಂತೆ ತಾಗಿತು. ಒಂದು ಕಾಲದಲ್ಲಿ ಅವಳ ಬಾಯಲ್ಲಿ ಅವನು ಬರೀ 'ಕೇಶವ' ಆಗಿದ್ದ. ಅವನು ಕೈಯ ಗ್ರೀಸ್ ಒರೆಸಿಕೊಂಡು ಹೊರಟುಹೋದ.

ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅದೇ ಅವಳಿಗೆ ಇನ್ನಷ್ಟು ಉರಿ!

ಹೆಸರು ಸುಗುಣ. ಆದರೆ ಅವಳಿಗೆ ಸಿಟ್ಟು ಬಂದಾಗ ಆ ಹೆಸರಿಟ್ಟ ಅಜ್ಜಿ ಅಮ್ಮಾಜಮ್ಮನೇ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಕಳೆದ ಏಳು ವರ್ಷ ಅವಳು ಚಿಂತಾಮಣಿಯಲ್ಲಿ ಸೋದರಮಾವನ ಗ್ಯಾರೇಜಿನಲ್ಲಿ ಕೆಲಸ ಕಲಿತಿದ್ದಳು. "ಹೆಣ್ಣು ಹುಡುಗಿ ಸ್ಪ್ಯಾನರ್ ಹಿಡಿದ್ರೆ ಗಂಡು ಸಿಕ್ತಾನಾ?" ಎಂದವರಿಗೆಲ್ಲ, "ಗಂಡು ಬೇಡ, ಎಂಜಿನ್ ಸಿಕ್ರೆ ಸಾಕು" ಎಂದಿದ್ದಳು. ಈ ತೊಂಬತ್ತೆರಡರ ಸಂಕ್ರಾಂತಿ ಮುಗಿದ ಮೇಲೆ ಅದೂ ಸಿಕ್ಕಿತು. ಮಂಚೇನಹಳ್ಳಿ ದಾರಿಯಲ್ಲಿ ಹಿಮ್ಮುಖವಾಗಿ ಜಾರಿ ಮರಕ್ಕೆ ಗುದ್ದಿ ಹಿಂಭಾಗ ನಜ್ಜುಗುಜ್ಜಾದ ಕಾಂಟೆಸ್ಸಾ ಕಾರಿನ ಎಂಜಿನ್ ಅದು. ಟೆಂಪೋದಲ್ಲಿ ಹಾಕಿಕೊಂಡು ನೇರ ಶಿಡ್ಲಘಟ್ಟದ ಅಪ್ಪನ ಮನೆಗೆ ಬಂದಿಳಿದಿದ್ದಳು.

ಯಾಕೆ? ಸೇಡಿಗೆ!

ಕಾರು ಅವಳ ಅಪ್ಪ, ಮೆಕ್ಯಾನಿಕ್ ಬಯ್ಯಪ್ಪನದು. ನಂದಿಯ ತಪ್ಪಲಿನ ಮುದುಕ ಡಾಕ್ಟರೊಬ್ಬರು ತೋಟದಲ್ಲಿ ಕೊಳೆಯಲು ಬಿಟ್ಟಿದ್ದ ಎರಡೇ ಸೀಟಿನ, ಚಾವಣಿಯಿಲ್ಲದ ಹಳೇ ಇಂಗ್ಲಿಷ್ ಕಾರನ್ನು ಅವನು ಎತ್ತಿಕೊಂಡು ಬಂದಿದ್ದ. ಹನ್ನೊಂದು ವರ್ಷ ಮನೆಯಂಗಳದಲ್ಲೇ ಒಂದೊಂದೇ ಭಾಗ ಬಿಚ್ಚಿ, ತೊಳೆದು, ಜೋಡಿಸಿ ಜೀವ ಕೊಟ್ಟಿದ್ದ. "ಮೊದಲ ಸವಾರಿ ನಂದಿ ಬೆಟ್ಟಕ್ಕೆ. ಓಡಿಸೋಳು ನೀನು" ಎಂದು ಮಗಳಿಗೆ ಮಾತು ಕೊಟ್ಟಿದ್ದ.

ಆ ಸವಾರಿ ನಡೆಯಲೇ ಇಲ್ಲ.

ಎಂಬತ್ತೈದರಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಬೀದಿಗೆಲ್ಲ ಕರೆಂಟ್ ಹೋಯಿತು. ಬಯ್ಯಪ್ಪನ ಶಿಷ್ಯ ಚನ್ನಕೇಶವನ ತಾಯಿ ವರಲಕ್ಷ್ಮಮ್ಮ ರೇಷ್ಮೆ ನೂಲು ತೆಗೆಯುವ ಶೆಡ್ಡು ಇಟ್ಟುಕೊಂಡಿದ್ದ ವಿಧವೆ. ಶೆಡ್ಡಿನ ತುಂಬ ರೇಷ್ಮೆಗೂಡು. ವಾರದೊಳಗೆ ನೂಲು ತೆಗೆಯದಿದ್ದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ; ತೂತಾದ ಗೂಡಿನಲ್ಲಿ ನೂಲೆಲ್ಲಿ? ಬಯ್ಯಪ್ಪ ಹಿಂದುಮುಂದು ನೋಡಲಿಲ್ಲ. ಕಾರಿನ ಎಂಜಿನ್ನನ್ನು ರೇಡಿಯೇಟರ್ ಸಮೇತ ಬಿಚ್ಚಿ ಶೆಡ್ಡಿನಲ್ಲಿಟ್ಟು, ಬೆಲ್ಟ್ ಹಾಕಿ ನೂಲಿನ ಮಿಷನ್ ತಿರುಗಿಸಿದ.

ಐದು ದಿನ ತಿರುಗಿತು. ಆರನೆಯ ದಿನ ಕಾದು, ಹೊಗೆಯಾಡಿ, ಸಿಡಿದು ನಿಂತಿತು.

"ನಾನು ನೀರು ನೋಡ್ಲಿಲ್ಲ. ತಪ್ಪು ನಂದೇ" ಎಂದಿದ್ದ ಚನ್ನಕೇಶವ, ಇದೇ ಅಂಗಳದಲ್ಲಿ ತಲೆತಗ್ಗಿಸಿ ನಿಂತು.

"ಊಟ ತಂದಾಗಲೆಲ್ಲ ನಾನೇ ಬಿಂದಿಗೆ ತುಂಬ ನೀರು ಹಾಕಿ ಬರ್ತಿದ್ನಲ್ಲೋ! ನಾನಿಲ್ದಿದ್ದಾಗ ಒಂದು ಸಲ ನೋಡೋಕಾಗ್ಲಿಲ್ವಾ ನಿಂಗೆ?" ಎಂದು ಹತ್ತೊಂಬತ್ತರ ಸುಗುಣ ಕಿರುಚಿದ್ದಳು. ಬೀದಿಯವರಿಗೆ ಬಯ್ಯಪ್ಪ, "ಹಳೇ ಎಂಜಿನ್, ಹೋಯ್ತು" ಎಂದಷ್ಟೇ ಹೇಳಿದ. ನಾಲ್ಕು ತಿಂಗಳಿಗೆ ಬಯ್ಯಪ್ಪನೂ ಹೋದ.

ಅಪ್ಪನನ್ನು ಕೊಂದವನು ಇವನೇ ಎಂದು ಅವಳು ತೀರ್ಮಾನಿಸಿದಳು. ಪ್ರೀತಿಸಿದವನ ಮೇಲಿನ ಹಗೆ ಬೇರೆ ಹಗೆಯಂತಲ್ಲ. ಅದಕ್ಕೆ ದಿನವೂ ನೀರೆರೆಯಬೇಕು, ಇಲ್ಲದಿದ್ದರೆ ಬಾಡಿಬಿಡುತ್ತದೆ. ಅವಳು ಏಳು ವರ್ಷ ಒಂದು ದಿನವೂ ತಪ್ಪದೆ ಎರೆದಿದ್ದಳು.

ಈಗ ಚನ್ನಕೇಶವ ಸ್ವಂತ ಲೇತ್ ವರ್ಕ್‌ಶಾಪ್ ಇಟ್ಟಿದ್ದ. ಊರಿನ ನೂಲು ತೆಗೆಯುವ ರೀಲರುಗಳಲ್ಲಿ ಅರ್ಧ ಜನರ ಮಿಷನ್ನು ಅವನ ಕೈಯಲ್ಲೇ ರಿಪೇರಿ. "ಕೇಶವಪ್ಪ ಮುಟ್ಟಿದ್ರೆ ಮಿಷನ್ ಕೆಡಲ್ಲ" ಎನ್ನುವ ಹೆಸರು ಬೇರೆ! ಆ ಹೆಸರನ್ನೇ ಕೀಳಬೇಕು. ಕಾರು ಓಡಿದ ದಿನ ಅದನ್ನು ಗೂಡಿನ ಮಾರುಕಟ್ಟೆಗೆ ಒಯ್ದು, ರೀಲರುಗಳೆಲ್ಲರ ಮುಂದೆ, ಇವನು ಎಂಜಿನ್ ಕೊಂದ ಕಥೆ ಹೇಳಬೇಕು. ಆಮೇಲೆ ಯಾರು ಮಿಷನ್ ಕೊಡುತ್ತಾರೋ ನೋಡೋಣ!

ಪ್ಲೇಟ್ ಕೊರೆಯಲು ಊರಿನಲ್ಲಿದ್ದ ಒಳ್ಳೆಯ ಲೇತ್ ಅವನದೊಂದೇ. ಸುಗುಣ ರಾತ್ರಿಯಿಡೀ ಯೋಚಿಸಿದಳು. 'ಕೊಂದ ಕೈಯಿಂದಲೇ ಎಬ್ಬಿಸ್ತೀನಿ... ಆಮೇಲೆ ಅದೇ ಕಾರಿನಿಂದ ಅವನನ್ನ ಬೀಳಿಸ್ತೀನಿ.'

ಮರುದಿನ ಲೇತಿನ ಬಾಗಿಲಲ್ಲಿ ನಿಂತಳು. "ಪ್ಲೇಟ್ ಮಾಡ್ಕೊಡಿ."

ಚನ್ನಕೇಶವ ಅವಳ ಕಣ್ಣನ್ನೇ ನೋಡಿದ. ಆ ಕಣ್ಣಲ್ಲಿದ್ದುದು ಅವನಿಗೆ ಅರ್ಥವಾಗದೆ ಇರಲಿಲ್ಲ. "ಮಾಡ್ಕೊಡ್ತೀನಿ. ಆದ್ರೆ ಕಾರಿನ ಹತ್ರಾನೇ ಕೂತು ಅಳತೆ ತಗೋಬೇಕು. ದಿನಾ ಸಾಯಂಕಾಲ ಬರ್ತೀನಿ."

ಬಂದ. ದಿನಾ ಬಂದ. ಪ್ಲೇಟ್ ಕೊರೆದ, ಶಾಫ್ಟ್ ಕತ್ತರಿಸಿ ಬೆಸೆದ. ಅವಳು ಚಾಸಿಯ ತುಕ್ಕು ಉಜ್ಜಿ ಬಣ್ಣ ಹೊಡೆದಳು, ಗೇರ್‌ಬಾಕ್ಸಿಗೆ ಜಾಗ ಮಾಡಿದಳು. ಅಮ್ಮಾಜಮ್ಮ ಅವನಿಗೆ ಮಾತ್ರ ಎರಡು ಲೋಟ ಕಾಫಿ ಕೊಡುತ್ತಿದ್ದಳು. "ಏಮೇ, ಅವನನ್ನ ತಿಂದುಬಿಡೋ ಹಂಗೆ ನೋಡ್ತೀಯಲ್ಲೇ!" ಎಂದು ಮೊಮ್ಮಗಳನ್ನು ಗದರುತ್ತಿದ್ದಳು.

ಒಂದು ಸಂಜೆ ಅವನು ಅವಳ ಟೂಲ್ ಪೆಟ್ಟಿಗೆಗೆ ಕೈಹಾಕಿದ. ತಳದಲ್ಲಿ ಒಂದು ಸ್ಪ್ಯಾನರ್ ಸಿಕ್ಕಿತು. ಹಿಡಿಗೆ ಕೆಂಪು ರೇಷ್ಮೆ ಹುರಿ ಸುತ್ತಿತ್ತು. ಅವಳ ಅಂಗೈ ನೋಯದಿರಲಿ ಎಂದು ಅವನೇ ಸುತ್ತಿಕೊಟ್ಟದ್ದು.

"ಇನ್ನೂ ಇಟ್ಕೊಂಡಿದ್ದೀಯಾ?" ಅವನ ದನಿ ಮೆತ್ತಗಾಯಿತು.

"ಒಳ್ಳೇ ಉಕ್ಕು... ಅದಕ್ಕೆ ಇಟ್ಕೊಂಡೆ!" ಎಂದು ಕಿತ್ತುಕೊಂಡಳು. 'ಕರಗಬೇಡ ಸುಗುಣಾ. ಅಪ್ಪನ ಮುಖ ನೆನಪು ಮಾಡ್ಕೋ' ಎಂದು ಒಳಗೊಳಗೇ ತನ್ನನ್ನೇ ಗದರಿಸಿಕೊಂಡಳು.

ಆರನೆಯ ವಾರಕ್ಕೆ ರೇಡಿಯೇಟರ್ ಒಂದು ಬಿಟ್ಟು ಎಲ್ಲ ಕೂತಿತು. ಮಾರುಕಟ್ಟೆಯ ರೀಲರುಗಳಿಗೆ ಸುಗುಣಳೇ ಹೋಗಿ ಹೇಳಿಬಂದಳು: "ಶುಕ್ರವಾರ ಬೆಳಿಗ್ಗೆ ನಮ್ಮಪ್ಪನ ಕಾರು ಬರುತ್ತೆ. ಅದರ ಹಳೇ ಎಂಜಿನ್ ಹೆಂಗೆ ಸತ್ತಿತು ಅಂತ ಅವತ್ತು ಹೇಳ್ತೀನಿ. ಎಲ್ರೂ ಇರಿ."

ಸುದ್ದಿ ಚನ್ನಕೇಶವನಿಗೂ ಮುಟ್ಟಿತು. ಆದರೂ ಬುಧವಾರ ಸಂಜೆ ಎಂದಿನಂತೆ ಬಂದ!

ಅಪ್ಪನೇ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದ ಹಳೆಯ ಹಿತ್ತಾಳೆ ರೇಡಿಯೇಟರನ್ನು ಸುಗುಣ ಅವತ್ತು ಕೆಳಗಿಳಿಸಿದ್ದಳು. ಅದನ್ನು ಕಂಡದ್ದೇ ತಡ, ಅವನ ಮುಖ ಬಿಳಿಚಿಕೊಂಡಿತು.

"ಅದು ಬೇಡ. ಹೊಸಾದು ಹಾಕು. ನನ್ನ ಹತ್ರ ಒಂದಿದೆ, ತಂದ್ಕೊಡ್ತೀನಿ."

"ಅಪ್ಪನ್ದೇ ಇರ್ಲಿ. ತೊಳೆದು ಹಾಕ್ತೀನಿ."

"ಬೇಡ ಅಂದ್ನಲ್ಲ! ಅದನ್ನ ಬಿಚ್ಚಬೇಡ ಸುಗುಣಾ... ನನಗೆ ಕೊಟ್ಬಿಡು."

ಆರು ವಾರದಲ್ಲಿ ಮೊದಲ ಸಲ ಅವನು ದನಿ ಎತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ! 'ಇದರೊಳಗೆ ಅವನ ತಪ್ಪಿನ ಸಾಕ್ಷಿ ಇದೆ' ಎಂದು ಅವಳಿಗೆ ಖಚಿತವಾಯಿತು. ಕೊಡಲಿಲ್ಲ.

ಗುರುವಾರ ಬೆಳಿಗ್ಗೆ ಹಂಡೆಯಿಂದ ಕುದಿನೀರು ತಂದು ರೇಡಿಯೇಟರಿಗೆ ಸುರಿದಳು. ನೀರು ಕೆಳಗಿಳಿಯಲಿಲ್ಲ. ಸೈಕಲ್ ಕಡ್ಡಿ ತೂರಿಸಿ ಕೆದಕಿದಳು. ಹಳದಿ ಅಂಟು. ಗಟ್ಟಿಯಾಗಿ, ಗೋಂದಿನಂತೆ. ಕಡ್ಡಿಯ ತುದಿಗೆ ಒಂದು ಎಳೆ ಸಿಕ್ಕಿಕೊಂಡು ಬಂತು. ಎಳೆದಳು... ಅದು ಕಡಿಯದೆ ಬರುತ್ತಲೇ ಇತ್ತು. ರೇಷ್ಮೆ!

ಬಿಸಿನೀರಿಗೆ ಅಂಟು ಕರಗಿತು. ಅದರೊಂದಿಗೆ ಒಂದು ವಾಸನೆ ಎದ್ದಿತು. ಶಿಡ್ಲಘಟ್ಟದಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ, ಗೂಡು ಬೇಯಿಸಿದ ನೀರಿನ ವಾಸನೆ.

ಸುಗುಣಳ ಕೈ ನಿಂತುಹೋಯಿತು.

ಕಣ್ಣ ಮುಂದೆ ಆ ಶೆಡ್ಡು ಬಂತು. ಊಟದ ಕ್ಯಾರಿಯರ್ ಕೆಳಗಿಟ್ಟು, ಅಪ್ಪನೂ ಕೇಶವನೂ ಕೈ ತೊಳೆಯಲು ಹೋದಾಗ, ಆವಿಯಾಡುವ ಎಂಜಿನ್ ಕಂಡು, ಪಕ್ಕದಲ್ಲೇ ಇದ್ದ ತೊಟ್ಟಿಯಿಂದ ಬಿಂದಿಗೆ ಅದ್ದಿ... ಗೂಡು ಬೇಯಿಸಿ ಬಿಟ್ಟ ಅಂಟುನೀರು! ಒಂದು ಸಲವಲ್ಲ, ದಿನಾ. ನೀರು ಯಾವುದಾದರೇನು ಎಂದುಕೊಂಡು, ಅಪ್ಪನಿಗೆ ಸಹಾಯ ಮಾಡಿದೆನೆಂದು ಹಿಗ್ಗಿಕೊಂಡು!

"ಅಜ್ಜೀ..." ಎಂದು ಚೀರಿದಳು.

ಅಮ್ಮಾಜಮ್ಮ ಬಂದು ರೇಡಿಯೇಟರ್ ನೋಡಿ, ಅಲ್ಲೇ ಜಗಲಿಯ ಮೇಲೆ ಕುಳಿತಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ. ನಿಮ್ಮಪ್ಪ ಅವತ್ತೇ ಬಿಚ್ಚಿ ನೋಡ್ದ. ಕೇಶವಪ್ಪನ ಕೈ ಹಿಡ್ಕೊಂಡು, 'ಎಂಜಿನ್ ಹೋದ್ರೆ ಇನ್ನೊಂದು ತರ್ತೀವಿ ಕಣಪ್ಪ. ತಾನೇ ಕೆಡಿಸ್ದೆ ಅಂತ ಗೊತ್ತಾದ್ರೆ ನನ್ನ ಮಗಳು ಇನ್ಮೇಲೆ ಸ್ಪ್ಯಾನರ್ ಮುಟ್ಟಲ್ಲ' ಅಂದ. ಆ ಹುಡುಗ, 'ನನ್ನ ಮೇಲೆ ಹಾಕ್ಬಿಡಿ ಗುರುಗಳೇ' ಅಂದ. ನನ್ನ ಹತ್ರಾನೂ ಆಣೆ ಹಾಕಿಸ್ಕೊಂಡ್ರು."

"ಅಪ್ಪ ಆ ಕೊರಗಲ್ಲೇ..."

"ಥೂ, ಬಿಡ್ತು ಅನ್ನು! ಅವನಿಗೆ ಎದೆನೋವು ಎರಡು ವರ್ಷದಿಂದ ಇತ್ತು. ನಿಂಗೆ ಹೇಳಿರ್ಲಿಲ್ಲ ಅಷ್ಟೇ."

ಸುಗುಣ ಕಾರಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಏಳು ವರ್ಷ ನೀರೆರೆದು ಬೆಳೆಸಿದ ಹಗೆ... ಅಲ್ಲೂ ತೊಟ್ಟಿ ತಪ್ಪಿ ಎರೆದಿದ್ದಳು.

ಶುಕ್ರವಾರ ಬೆಳಿಗ್ಗೆ ಗೂಡಿನ ಮಾರುಕಟ್ಟೆ ಕಿಕ್ಕಿರಿದಿತ್ತು. ಕೆಂಪು ಕಾರು ಗುಡುಗುತ್ತ ಬಂದು ನಿಂತಿತು. ಮುಂದೆ ರಾತ್ರೋರಾತ್ರಿ ಚಿಂತಾಮಣಿಯ ಮಾವನಿಂದ ತರಿಸಿದ ಹೊಸ ರೇಡಿಯೇಟರ್, ಪಕ್ಕದ ಸೀಟಿನಲ್ಲಿ ಹಳೆಯದು. ಚನ್ನಕೇಶವ ಓಡಿಹೋಗಿರಲಿಲ್ಲ. ಜನರ ಮುಂದೆಯೇ, ಕೈಕಟ್ಟಿ, ತೀರ್ಪಿಗೆ ಕಾದವನಂತೆ ನಿಂತಿದ್ದ.

ಸುಗುಣ ಇಳಿದಳು.

"ನಮ್ಮಪ್ಪನ ಎಂಜಿನ್ ಹೆಂಗೆ ಸತ್ತಿತು ಅಂತ ಹೇಳ್ತೀನಿ ಅಂದಿದ್ದೆ..."

"ಹೇಳಮ್ಮ!" ಎಂದರು ಯಾರೋ ಹಿಂದಿನಿಂದ.

ಅವಳು ಹಳೆಯ ರೇಡಿಯೇಟರ್ ಎತ್ತಿ ಹಿಡಿದಳು. "ಇದಕ್ಕೆ ಗೂಡು ಬೇಯಿಸಿದ ನೀರು ಹಾಕಿದವಳು ನಾನು. ಅಂಟು ಕಟ್ಟಿ ಎಂಜಿನ್ ಸಿಡೀತು. ತಪ್ಪು ಹೊತ್ತವನು ಈ ಕೇಶವ. ಇವನ ಹೆಸರು ಕೆಡಿಸೋಕೆ ನಿಮ್ಮನ್ನ ಕರೆದಿದ್ದೆ... ನಿಮ್ಮೆಲ್ರ ಮುಂದೆ ಕ್ಷಮೆ ಕೇಳ್ತೀನಿ."

ಮುದುಕ ರೀಲರ್ ವೆಂಕಟರವಣಪ್ಪ ತಲೆ ಕೆರೆದುಕೊಂಡು, "ನಾನೂ ಒಂದ್ಸಲ ಪಂಪ್‌ಸೆಟ್ಟಿಗೆ ಅದೇ ನೀರು ಹಾಕಿದ್ನಮ್ಮ. ಹೆಂಡ್ತಿಗೆ ಇವತ್ತಿಗೂ ಗೊತ್ತಿಲ್ಲ!" ಎಂದ. ಮಾರುಕಟ್ಟೆಗೆ ಮಾರುಕಟ್ಟೆಯೇ ನಕ್ಕಿತು.

ಆ ನಗುವಿನ ನಡುವೆ ಚನ್ನಕೇಶವ ಅವಳ ಬಳಿ ಬಂದ. ಅವನ ಕಣ್ಣು ಒದ್ದೆಯಾಗಿತ್ತು.

"ಯಾಕೆ ಹೇಳ್ದೆ ಸುಗುಣಾ? ಗುರುಗಳಿಗೆ ಮಾತು ಕೊಟ್ಟಿದ್ದೆ..."

"ಸುಮ್ನಿರೋ! ಏಳು ವರ್ಷ ನನ್ನ ಕೈಲಿ ದಿನಾ ನಿಂಗೆ ಶಾಪ ಹಾಕಿಸ್ದೆಯಲ್ಲ! ಅಪ್ಪ ಹೇಳಿದ್ರಂತೆ, ಇವನು ಕೇಳಿದ್ನಂತೆ. ನನ್ನ ಒಂದು ಮಾತು ಕೇಳ್ಬೇಕು ಅಂತ ಇಬ್ರಿಗೂ ಅನ್ನಿಸ್ಲಿಲ್ಲ!"

ಬೈಗುಳವೆಲ್ಲ ಅವನ ಕಿವಿಗೆ ಬೀಳಲೇ ಇಲ್ಲ. 'ಸುಮ್ನಿರೋ' ಅಂದಳಲ್ಲ... ಅವನಿಗೆ ಅಷ್ಟೇ ಸಾಕಾಗಿತ್ತು.

"ಹಂಗಾದ್ರೆ ಸೇಡು ತೀರಿಸ್ಕೋ."

"ತೀರಿಸ್ಕೊಳ್ದೆ ಬಿಡ್ತೀನಾ? ಹತ್ತು!"

"ಎಲ್ಲಿಗೆ?"

"ನಂದಿ ಬೆಟ್ಟಕ್ಕೆ. ಅಪ್ಪ ಹೇಳಿದ ಮೊದಲ ಸವಾರಿ." ಅವನು ಹತ್ತಿ ಕೂತ ಮೇಲೆ ಅವಳು ಹಳೆಯ ರೇಡಿಯೇಟರನ್ನು ಅವನ ತೊಡೆಯ ಮೇಲಿಟ್ಟು, ತನ್ನ ಸೀಟಿಗೆ ಬಂದು ಗೇರ್ ಹಾಕಿದಳು. ದನಿ ತಗ್ಗಿತು. "ಕೇಶವ... ಇನ್ನು ಜೀವಮಾನಪೂರ್ತಿ ನನ್ನ ಜೊತೇಲೇ ಇದ್ದು, ಈ ಕಾರಿಗೆ ನೀರು ಹಾಕೋ ಕೆಲಸ ನಿಂದು. ಇದೇ ಶಿಕ್ಷೆ."

"ನಿಂದು?"

"ನಾನು ಓಡಿಸ್ತೀನಿ."

"ಒಂದು ಸಲಾನೂ ನನಗೆ ಕೊಡಲ್ವಾ?"

"ಇಳಿಜಾರಲ್ಲಿ ನೋಡೋಣ" ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು. ಅವನು ಗೇರಿನ ಮೇಲಿದ್ದ ಅವಳ ಕೈಯ ಮೇಲೆ ಕೈಯಿಟ್ಟ.

ಈ ಸಲ ಅವಳು ಮುಟ್ಟಬೇಡಿ ಅನ್ನಲಿಲ್ಲ.